ಚರ್ಚ್ ಕಚೇರಿಯ ಕಂಪ್ಯೂಟರ್: ಡೆಸ್ಕ್‌ಟಾಪ್ ಮೇಜಾಗಿರಲಿ, ಕಪಾಟಾಗದಿರಲಿ

ನಮ್ಮ ಕರಾವಳಿಯ ಹೆಚ್ಚಿನ ಚರ್ಚುಗಳ ಕಚೇರಿಗಳಲ್ಲಿ ಇಂದು ಕಂಪ್ಯೂಟರ್ ಇದೆ. ಜ್ಞಾನಸ್ನಾನದ ಪ್ರಮಾಣಪತ್ರ, ಮದುವೆಯ ಪ್ರಕಟಣೆ, ವಾಳೆಗಳ ಕುಟುಂಬ ಪಟ್ಟಿ, ಪಾಲನಾ ಮಂಡಳಿಯ ಸಭೆಯ ವರದಿ, ಚರ್ಚಿನ ಪತ್ರಿಕೆ, ವಾರ್ಷಿಕ ಹಬ್ಬದ ಆಮಂತ್ರಣ - ಇವೆಲ್ಲ ತಯಾರಾಗುವುದು ಅದರಲ್ಲೇ. ಆದರೆ ಆ ಕಂಪ್ಯೂಟರನ್ನು ಚಾಲೂ ಮಾಡಿದ ಕೂಡಲೇ ಕಾಣುವ ಪರದೆ ಹೇಗಿದೆ? ಎಡತುದಿಯಿಂದ ಬಲತುದಿಯವರೆಗೆ ಒತ್ತೊತ್ತಾಗಿ ಚಿತ್ರಗಳು. ‘ನ್ಯೂ ಫೋಲ್ಡರ್’, ‘ನ್ಯೂ ಫೋಲ್ಡರ್ 2’, ‘ಲೆಟರ್ ಫೈನಲ್’, ‘ಲೆಟರ್ ಫೈನಲ್ ಹೊಸತು’, ಯಾರದೋ ಆಧಾರ್ ಕಾರ್ಡಿನ ಪ್ರತಿ, ಮೂರು ವರ್ಷ ಹಿಂದಿನ ತೆನೆಹಬ್ಬದ ಫೋಟೋಗಳು, ಎಂದೋ ಹಾಕಿದ ಪ್ರೋಗ್ರಾಮುಗಳ ಗುರುತುಗಳು. ಬೇಕಾದ ಪತ್ರ ಅದರಲ್ಲೇ ಇದೆ, ಆದರೆ ಕಣ್ಣಿಗೆ ಬೀಳುವುದಿಲ್ಲ.

ಪರದೆಯನ್ನು ಒಪ್ಪವಾಗಿಡುವುದು ಅಂದಚೆಂದದ ವಿಷಯವೆಂದು ನಾವು ತಿಳಿದರೆ ಅದಕ್ಕೆ ಸಮಯ ಕೊಡುವುದಿಲ್ಲ. ವಾಸ್ತವವಾಗಿ ಇದು ನಮ್ಮನ್ನು ನಂಬಿ ಜನರು ಕೊಟ್ಟ ಮಾಹಿತಿಯನ್ನು ಕಾಯುವ ವಿಷಯ. ಡೆಸ್ಕ್‌ಟಾಪ್ ಇಂದಿನ ಕೆಲಸ ಮಾಡುವ ಮೇಜು; ದಾಖಲೆ ಕೂಡಿಡುವ ಕಪಾಟು ಅಲ್ಲ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದ ಕ್ರಮಗಳೆಲ್ಲ ಸುಲಭ. ಧರ್ಮಗುರುಗಳು, ಕಚೇರಿ ಸಿಬ್ಬಂದಿ, ಪಾಲನಾ ಮಂಡಳಿಯ ಕಾರ್ಯದರ್ಶಿಗಳು ಹಾಗೂ ಕಂಪ್ಯೂಟರ್ ಕೆಲಸದಲ್ಲಿ ನೆರವಾಗುವ ಯುವಜನರಿಗಾಗಿ ಇಲ್ಲಿ ಕೆಲವು ವಿವರಗಳನ್ನು ಕೊಡುತ್ತಿದ್ದೇವೆ.

ಮೇಜು ಎಂಬ ಹೆಸರು ಬಂದ ಬಗೆ

ಕಂಪ್ಯೂಟರ್ ಪರದೆಯನ್ನು ಕಚೇರಿಯ ಮೇಜಿನಂತೆ ತೋರಿಸುವ ಕಲ್ಪನೆ ಬೆಳೆದದ್ದು ಅಮೆರಿಕದ ಜೆರಾಕ್ಸ್ ಕಂಪೆನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ, 1970ರ ದಶಕದಲ್ಲಿ. ಅಲ್ಲಿನ ಅನುಭವದ ಆಧಾರದಲ್ಲಿ ಅದೇ ಕಂಪೆನಿ 1981ರಲ್ಲಿ ‘ಸ್ಟಾರ್’ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅದರ ಪರದೆಯಲ್ಲಿ ಕಾಗದ, ಫೋಲ್ಡರ್, ಕಡತದ ಪೆಟ್ಟಿಗೆ, ಬಂದ ಟಪಾಲಿನ ಬುಟ್ಟಿ, ಹೋಗುವ ಟಪಾಲಿನ ಬುಟ್ಟಿ - ಹೀಗೆ ಕಚೇರಿಯ ವಸ್ತುಗಳೇ ಚಿಕ್ಕ ಚಿತ್ರಗಳಾಗಿ ಇದ್ದವು. 1984ರಲ್ಲಿ ಬಂದ ಆಪಲ್ ಕಂಪೆನಿಯ ಮ್ಯಾಕಿಂತೋಷ್ ಈ ಕಲ್ಪನೆಯನ್ನು ಸಾಮಾನ್ಯ ಜನರಿಗೂ ಪರಿಚಯಿಸಿತು. 1995ರ ಆಗಸ್ಟ್ 24ರಂದು ಬಿಡುಗಡೆಯಾದ ವಿಂಡೋಸ್ 95, ಕೆಳಗಿನ ಟಾಸ್ಕ್‌ಬಾರ್, ‘ಸ್ಟಾರ್ಟ್’ ಗುಂಡಿ ಹಾಗೂ ರೀಸೈಕಲ್ ಬಿನ್ ಸಮೇತ ನಾವು ಇಂದು ನೋಡುವ ಪರದೆಯ ರೂಪವನ್ನು ತಂದಿತು.

ಈ ಇತಿಹಾಸದಲ್ಲಿ ನಮಗೆ ಒಂದು ಪಾಠವಿದೆ. ಆ ಮೊದಲ ಯಂತ್ರದಲ್ಲೇ ಮೇಜು ಬೇರೆ, ಕಡತದ ಪೆಟ್ಟಿಗೆ ಬೇರೆ ಎಂದಿತ್ತು. ಕೆಲಸ ಮುಗಿದ ಕಾಗದ ಮೇಜಿನಿಂದ ಪೆಟ್ಟಿಗೆಗೆ ಹೋಗಬೇಕೆಂಬುದೇ ಅದರ ಉದ್ದೇಶ. ಮೇಜನ್ನೇ ಪೆಟ್ಟಿಗೆ ಮಾಡಿದವರು ನಾವು.

ಬಳಸುವವರು ಮೇಜನ್ನು ಗುಡಿಸುವುದಿಲ್ಲ ಎಂಬುದು ಕಂಪೆನಿಗಳಿಗೂ ತಿಳಿದಿತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ 60 ದಿನಗಳಿಗೊಮ್ಮೆ ಕಾಣಿಸಿಕೊಂಡು, ಬಳಸದ ಶಾರ್ಟ್‌ಕಟ್‌ಗಳನ್ನು ಒಂದು ಫೋಲ್ಡರಿಗೆ ಸೇರಿಸಲೇ ಎಂದು ಕೇಳುವ ಒಂದು ಸಹಾಯಕ ವ್ಯವಸ್ಥೆ ಇತ್ತು. ಅದನ್ನು ಬಳಸಿದವರಿಗಿಂತ ಮುಚ್ಚಿದವರೇ ಹೆಚ್ಚಿರಬೇಕು! ಈಗಿನ ವಿಂಡೋಸಿನಲ್ಲಿ ಅದು ಇಲ್ಲ. ಗುಡಿಸುವ ಕೆಲಸ ನಮ್ಮದೇ.

ಪರದೆಯ ಮೇಲೆ ಏನೇನಿದೆ?

ಅಳಿಸಲು ಹೊರಡುವ ಮುನ್ನ ಪರದೆಯ ಮೇಲಿನ ಚಿತ್ರಗಳಲ್ಲಿ ಮೂರು ಬಗೆ ಇವೆ ಎಂಬುದನ್ನು ತಿಳಿಯಬೇಕು.

ಮೊದಲನೆಯದು, ವಿಂಡೋಸ್ ತಾನೇ ಇಟ್ಟವು: ‘ದಿಸ್ ಪಿಸಿ’, ‘ರೀಸೈಕಲ್ ಬಿನ್’ ಮುಂತಾದವು. ಎರಡನೆಯದು, ಶಾರ್ಟ್‌ಕಟ್‌ಗಳು. ಚಿತ್ರದ ಮೂಲೆಯಲ್ಲಿ ಸಣ್ಣ ಬಾಣದ ಗುರುತು ಇದ್ದರೆ ಅದು ಶಾರ್ಟ್‌ಕಟ್; ಬೇರೆಲ್ಲೋ ಇರುವ ಪ್ರೋಗ್ರಾಮಿಗೆ ಅಥವಾ ಫೈಲಿಗೆ ದಾರಿ ತೋರಿಸುವ ಕೈಕಂಬ ಮಾತ್ರ. ಕೈಕಂಬ ಕಿತ್ತರೆ ಊರು ನಾಶವಾಗುವುದಿಲ್ಲ; ಹಾಗೆಯೇ ಶಾರ್ಟ್‌ಕಟ್ ಅಳಿಸಿದರೆ ಪ್ರೋಗ್ರಾಮ್ ಹೋಗುವುದಿಲ್ಲ. ಮೂರನೆಯದು, ಬಾಣವಿಲ್ಲದ ನಿಜವಾದ ಫೈಲು ಮತ್ತು ಫೋಲ್ಡರುಗಳು. ಇವನ್ನು ಅಳಿಸಿದರೆ ವಸ್ತುವೇ ಹೋಗುತ್ತದೆ. ರೀಸೈಕಲ್ ಬಿನ್‌ನಿಂದ ಮರಳಿ ಪಡೆಯಬಹುದು, ನಿಜ. ಆದರೆ ಶಿಫ್ಟ್ ಕೀಲಿ ಒತ್ತಿ ಅಳಿಸಿದ್ದು ಹಾಗೂ ಪೆನ್‌ಡ್ರೈವಿನಿಂದ ಅಳಿಸಿದ್ದು ಆ ಬುಟ್ಟಿಗೆ ಬರುವುದಿಲ್ಲ. ‘ಸ್ಟೋರೇಜ್ ಸೆನ್ಸ್’ ಎಂಬ ವ್ಯವಸ್ಥೆ ಚಾಲೂ ಇದ್ದರೆ, 30 ದಿನ ಕಳೆದದ್ದನ್ನು ಬುಟ್ಟಿಯಿಂದಲೂ ಅದು ತೆಗೆದುಹಾಕಬಹುದು.

ಡೆಸ್ಕ್‌ಟಾಪ್ ತುಂಬಿದ್ದರಿಂದಲೇ ಕಂಪ್ಯೂಟರ್ ನಿಧಾನವಾಗಿದೆ ಎಂದು ಹಲವರು ಹೇಳುವುದುಂಟು. ಹತ್ತಿಪ್ಪತ್ತು ಚಿತ್ರಗಳಿಂದ ಈಗಿನ ಕಂಪ್ಯೂಟರುಗಳಿಗೆ ಹೇಳಿಕೊಳ್ಳುವಂಥ ಭಾರವಾಗದು. ನಿಧಾನವಾಗುವುದು ಹುಡುಕುವ ಮನುಷ್ಯ. ನಿಜವಾದ ಅಪಾಯಗಳು ಬೇರೆ ಇವೆ.

ಅಪಾಯ ಎಲ್ಲಿದೆ?

ವಿಂಡೋಸಿನಲ್ಲಿ ಡೆಸ್ಕ್‌ಟಾಪ್ ಎಂಬುದು ಸಾಮಾನ್ಯವಾಗಿ ‘ಸಿ’ ಡ್ರೈವಿನ ಒಳಗೆ, ‘ಯೂಸರ್ಸ್’ ಫೋಲ್ಡರಿನಲ್ಲಿ, ಬಳಸುವವರ ಹೆಸರಿನ ಕೆಳಗೆ ಇರುವ ಒಂದು ಫೋಲ್ಡರ್ ಅಷ್ಟೆ. ವಿಂಡೋಸ್ ಇರುವುದೂ ಅದೇ ‘ಸಿ’ ಡ್ರೈವಿನಲ್ಲಿ. ಕಂಪ್ಯೂಟರ್ ಕೆಟ್ಟು, ದುರಸ್ತಿ ಮಾಡುವವರು ‘ಫಾರ್ಮ್ಯಾಟ್ ಮಾಡಬೇಕು’ ಎಂದರೆ ಮೊದಲು ಒರೆಸಿಹೋಗುವುದು ಇದೇ ಜಾಗ. ‘ಡಾಕ್ಯುಮೆಂಟ್ಸ್’ ಮತ್ತು ‘ಡೌನ್‌ಲೋಡ್ಸ್’ ಫೋಲ್ಡರುಗಳೂ ಸಾಮಾನ್ಯವಾಗಿ ಅಲ್ಲೇ ಇರುತ್ತವೆ. ಆದ್ದರಿಂದ ಡೆಸ್ಕ್‌ಟಾಪಿನಿಂದ ‘ಡಾಕ್ಯುಮೆಂಟ್ಸ್’ಗೆ ಸಾಗಿಸಿದ ಮಾತ್ರಕ್ಕೆ ಫೈಲು ಸುರಕ್ಷಿತವಾಗುವುದಿಲ್ಲ.

ಎರಡನೆಯ ಅಪಾಯ, ಕಾಣಬಾರದ್ದು ಕಾಣುವುದು. ಇಂದು ಹಲವು ಚರ್ಚುಗಳಲ್ಲಿ ಹಾಡುಗಳನ್ನೂ ವಾಚನಗಳನ್ನೂ ಪ್ರೊಜೆಕ್ಟರ್ ಮೂಲಕ ತೋರಿಸುತ್ತಾರೆ. ಕಚೇರಿಯ ಲ್ಯಾಪ್‌ಟಾಪ್ ಜೋಡಿಸಿದಾಗ ಮೊದಲು ತೆರೆಯ ಮೇಲೆ ಬರುವುದು ಅದರ ಡೆಸ್ಕ್‌ಟಾಪ್. ಒಂದು ಕುಟುಂಬದ ವಿವಾಹ ಪ್ರಕರಣದ ಹೆಸರಿರುವ ಫೋಲ್ಡರ್, ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯಿಂದ ನೆರವು ಪಡೆಯುವವರ ಪಟ್ಟಿ, ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ - ಇವುಗಳ ಹೆಸರುಗಳು ಭಾನುವಾರದ ಪೂಜೆಗೆ ಬಂದ ನೂರಾರು ಜನರ ಮುಂದೆ ಕಾಣಿಸಿದರೆ, ಆ ಮನೆಯವರು ತಲೆಯೆತ್ತಿ ಕುಳಿತುಕೊಳ್ಳುವುದು ಹೇಗೆ? ಫೈಲು ತೆರೆಯಬೇಕಾಗಿಲ್ಲ, ಹೆಸರು ಓದಿದರೆ ಸಾಕು. ಕಚೇರಿಯ ಕಿಟಕಿಯಾಚೆ ನಿಂತವರಿಗೂ ಪರದೆ ಕಾಣುತ್ತದೆ ಎಂಬುದನ್ನು ಮರೆಯಬಾರದು.

ಮೂರನೆಯದು, ಹಳೆಯ ಪತ್ರದ ಮೇಲೆ ಹೊಸ ಪತ್ರ ಬರೆಯುವ ರೂಢಿ. ಹಿಂದಿನವರ ಪ್ರಮಾಣಪತ್ರವನ್ನು ಡೆಸ್ಕ್‌ಟಾಪಿನಲ್ಲಿ ತೆರೆದು, ಹೆಸರು ಬದಲಿಸಿ ಮುದ್ರಿಸುವಾಗ ತಂದೆಯ ಹೆಸರೋ ತಾರೀಕೋ ಹಳೆಯದೇ ಉಳಿದುಬಿಡಬಹುದು. ಉಡುಪಿ ಧರ್ಮಪ್ರಾಂತ್ಯ 2012ರಲ್ಲಿ ಮಂಗಳೂರಿನಿಂದ ಪ್ರತ್ಯೇಕಗೊಂಡು ಸ್ಥಾಪನೆಯಾಯಿತು. ಅದಕ್ಕೂ ಮೊದಲಿನ ಪತ್ರದ ನಮೂನೆಯೊಂದು ಆ ಭಾಗದ ಯಾವುದೋ ಕಂಪ್ಯೂಟರಿನ ಮೂಲೆಯಲ್ಲಿ ಉಳಿದಿದ್ದರೆ, ಪತ್ರ ಹಳೆಯ ಧರ್ಮಪ್ರಾಂತ್ಯದ ಹೆಸರಿನಲ್ಲೇ ಹೊರಡುವುದಕ್ಕೆ ಎಷ್ಟು ಹೊತ್ತು ಬೇಕು?

ಧರ್ಮಸಭೆಯ ನಿಯಮ ಏನು ಹೇಳುತ್ತದೆ?

ದಾಖಲೆ ಕಾಯುವುದು ಧರ್ಮಸಭೆಗೆ ಹೊಸತಲ್ಲ. 1563ರಲ್ಲಿ ಟ್ರೆಂಟ್ ಮಹಾಸಭೆ ವಿವಾಹದ ವಿವರಗಳನ್ನು ಧರ್ಮಗುರುಗಳು ಪುಸ್ತಕದಲ್ಲಿ ಬರೆದು ಜೋಪಾನವಾಗಿ ಇಡಬೇಕೆಂದು ವಿಧಿಸಿತು. 1983ರ ಕ್ಯಾನನ್ ಕಾನೂನಿನ 535ನೇ ವಿಧಿಯ ಪ್ರಕಾರ ಪ್ರತಿ ಧರ್ಮಕೇಂದ್ರದಲ್ಲಿ ಜ್ಞಾನಸ್ನಾನ, ವಿವಾಹ ಹಾಗೂ ಮರಣದ ದಾಖಲೆ ಪುಸ್ತಕಗಳಿರಬೇಕು. ಅವುಗಳನ್ನು ಕಾಪಾಡಲು ಪ್ರತ್ಯೇಕ ಸ್ಥಳವಿರಬೇಕು. ಅವು ಹೊರಗಿನವರ ಕೈಗೆ ಸಿಗದಂತೆ ಧರ್ಮಗುರುಗಳು ನೋಡಿಕೊಳ್ಳಬೇಕು. ಕಬ್ಬಿಣದ ಕಪಾಟಿಗೆ ಬೀಗ ಹಾಕಿ ಕೀಲಿಯನ್ನು ಜೋಪಾನ ಮಾಡುವ ನಾವು, ಅದೇ ಮಾಹಿತಿಯ ಪ್ರತಿಯನ್ನು ಪರದೆಯ ಮೇಲೆ ಹರಡಿಟ್ಟರೆ ಬೀಗಕ್ಕೆ ಏನು ಅರ್ಥ?

ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ಮೂಲ ದಾಖಲೆ ಪುಸ್ತಕವೇ ಹೊರತು ಕಂಪ್ಯೂಟರ್ ಅಲ್ಲ. ಒಬ್ಬರ ದೃಢೀಕರಣ, ವಿವಾಹ ಮುಂತಾದವುಗಳನ್ನು ಅವರ ಜ್ಞಾನಸ್ನಾನದ ದಾಖಲೆಯ ಬದಿಯಲ್ಲಿ ನಮೂದಿಸಬೇಕೆಂದು ಅದೇ 535ನೇ ವಿಧಿ ಹೇಳುತ್ತದೆ. ಹಾಗಾಗಿ ಎರಡು ವರ್ಷ ಹಿಂದೆ ಮಾಡಿಟ್ಟ ಪ್ರಮಾಣಪತ್ರದ ಫೈಲನ್ನೇ ಮತ್ತೆ ಮುದ್ರಿಸಿ ಕೊಟ್ಟರೆ, ನಡುವೆ ಸೇರಿದ ನಮೂದು ಅದರಲ್ಲಿ ಇರುವುದಿಲ್ಲ. ಮದುವೆಗೆ ಸಿದ್ಧತೆ ಮಾಡುವ ಮತ್ತೊಂದು ಚರ್ಚಿನ ಧರ್ಮಗುರುಗಳು ಆ ಪತ್ರವನ್ನು ನಂಬಿಯೇ ಮುಂದುವರಿಯುತ್ತಾರೆ. ಆದ್ದರಿಂದ ಪ್ರತಿ ಸಲವೂ ಪುಸ್ತಕ ನೋಡಿಯೇ ಹೊಸ ಪ್ರಮಾಣಪತ್ರ ಬರೆಯಬೇಕು. ಕೊಟ್ಟುಮುಗಿದ ಪ್ರಮಾಣಪತ್ರಗಳ ಫೈಲುಗಳು ಡೆಸ್ಕ್‌ಟಾಪಿನಲ್ಲಿ ಉಳಿಯಲೇಬಾರದು ಎನ್ನುವುದಕ್ಕೆ ಇದೇ ಮುಖ್ಯ ಕಾರಣ.

ಒಂದು ಮಧ್ಯಾಹ್ನದ ಕೆಲಸ

ಹಾಗಾದರೆ ಎಲ್ಲಿಂದ ಆರಂಭಿಸುವುದು? ಈ ಕ್ರಮವನ್ನು ಅನುಸರಿಸಬಹುದು.

1. ಮೊದಲು ಒಂದು ಪ್ರತಿ. ಏನನ್ನೂ ಮುಟ್ಟುವ ಮುನ್ನ ಇಡೀ ಡೆಸ್ಕ್‌ಟಾಪ್ ಫೋಲ್ಡರನ್ನು ಒಂದು ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿರಿ. ಗುಡಿಸುವಾಗ ಕಸದೊಡನೆ ಮುತ್ತು ಹೋದರೂ ಮರಳಿ ಸಿಗುತ್ತದೆ.

2. ಮುಟ್ಟಬಾರದ್ದನ್ನು ಗುರುತಿಸಿರಿ. ಲೆಕ್ಕಪತ್ರದ ಪ್ರೋಗ್ರಾಮ್ ಅಥವಾ ಚರ್ಚ್ ಕುಟುಂಬಗಳ ಪ್ರೋಗ್ರಾಮ್ ತನ್ನ ಮಾಹಿತಿಯನ್ನು ಒಂದು ನಿರ್ದಿಷ್ಟ ಫೋಲ್ಡರಿನಲ್ಲಿ ಹುಡುಕುತ್ತದೆ. ಅದನ್ನು ಕೈಯಾರೆ ಬೇರೆಡೆಗೆ ಸರಿಸಿದರೆ ಪ್ರೋಗ್ರಾಮ್ ತೆರೆಯದಿರಬಹುದು. ಹಾಕಿಕೊಟ್ಟವರನ್ನು ಕೇಳಿಯೇ ಮುಂದುವರಿಯಿರಿ.

3. ಒಂದು ದೊಡ್ಡ ಕಪಾಟು ಮಾಡಿರಿ. ಕಂಪ್ಯೂಟರಿನಲ್ಲಿ ‘ಡಿ’ ಡ್ರೈವ್ ಇದ್ದರೆ ಅಲ್ಲಿ ‘ಚರ್ಚ್ ಕಚೇರಿ’ ಎಂಬ ಒಂದೇ ಫೋಲ್ಡರ್ ಇರಲಿ. ಅದರೊಳಗೆ ಹೆಚ್ಚೆಂದರೆ ಆರೇಳು ಖಾನೆಗಳು: ‘1 ಸಂಸ್ಕಾರಗಳು’, ‘2 ಧರ್ಮಪ್ರಾಂತ್ಯದ ಪತ್ರಗಳು’, ‘3 ಪಾಲನಾ ಮಂಡಳಿ’, ‘4 ಲೆಕ್ಕಪತ್ರ’, ‘5 ವಾಳೆಗಳು ಮತ್ತು ಸಂಘಗಳು’, ‘6 ಪತ್ರಿಕೆ ಮತ್ತು ಫೋಟೋ’, ‘7 ನಮೂನೆಗಳು’. ಮೊದಲು ಅಂಕೆ ಹಾಕಿದರೆ ನಾವು ಬಯಸಿದ ಕ್ರಮದಲ್ಲೇ ನಿಲ್ಲುತ್ತವೆ. ಖಾನೆಯೊಳಗೆ ಖಾನೆ, ಅದರೊಳಗೆ ಮತ್ತೊಂದು ಎಂದು ಆಳ ಮಾಡಬೇಡಿರಿ. ಮೂರು ಹೆಜ್ಜೆಯೊಳಗೆ ಫೈಲು ಸಿಗಬೇಕು.

4. ಸಾಗಿಸಿರಿ. ‘ಸಿ’ಯಿಂದ ‘ಡಿ’ಗೆ ಮೌಸಿನಿಂದ ಎಳೆದು ಬಿಟ್ಟರೆ ವಿಂಡೋಸ್ ಫೈಲನ್ನು ಸಾಗಿಸುವುದಿಲ್ಲ, ನಕಲು ಮಾಡುತ್ತದೆ, ಹಳೆಯದು ಅಲ್ಲೇ ಉಳಿಯುತ್ತದೆ. ಸಾಗಿಸಲು ‘ಕಟ್’ ಮತ್ತು ‘ಪೇಸ್ಟ್’ ಬಳಸಿರಿ. ತಪ್ಪಿದರೆ ಕೂಡಲೇ ಕಂಟ್ರೋಲ್ ಮತ್ತು ‘ಜೆಡ್’ ಒತ್ತಿದರೆ ಹಿಂದಿನ ಸ್ಥಿತಿಗೆ ಬರುತ್ತದೆ.

5. ನಿರ್ಧಾರ ಮಾಡಲಾಗದ್ದಕ್ಕೆ ಒಂದು ಬುಟ್ಟಿ. ‘ನೋಡಬೇಕಾದದ್ದು’ ಎಂಬ ಫೋಲ್ಡರ್ ಮಾಡಿ ತಾರೀಕು ಹಾಕಿರಿ. ಧರ್ಮಗುರುಗಳೊಡನೆ ಕುಳಿತು ಒಂದು ತಿಂಗಳೊಳಗೆ ತೀರ್ಮಾನಿಸಿರಿ. ತಿಳಿಯದ ದಾಖಲೆಯನ್ನು ಸಿಬ್ಬಂದಿ ತಾವಾಗಿಯೇ ಅಳಿಸುವುದು ಬೇಡ.

6. ಉದ್ದೇಶ ಮುಗಿದದ್ದನ್ನು ಅಳಿಸಿರಿ. ಆಧಾರ್ ಪ್ರತಿ, ಪಾಸ್‌ಬುಕ್ಕಿನ ಪುಟ, ಮಕ್ಕಳ ಅಂಕಪಟ್ಟಿ - ಯಾವ ಕೆಲಸಕ್ಕಾಗಿ ಪಡೆದೆವೋ ಆ ಕೆಲಸ ಆದ ಮೇಲೆ ಇಟ್ಟುಕೊಳ್ಳುವ ಹಕ್ಕು ನಮಗಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಇದೇ. ಕಾನೂನು ಇಲ್ಲದಿದ್ದರೂ ಪರರ ವಿಷಯದಲ್ಲಿ ನಮ್ಮ ಮರ್ಯಾದೆ ಇದೇ ಆಗಿರಬೇಕು.

ಹೆಸರಿಡುವ ಕ್ರಮ

ಫೈಲಿನ ಹೆಸರು ನೋಡಿದ ಮಾತ್ರಕ್ಕೆ ಒಳಗೆ ಏನಿದೆ ಎಂದು ತಿಳಿಯಬೇಕು. ವರ್ಷ, ತಿಂಗಳು, ದಿನ, ನಂತರ ವಿಷಯ - ಈ ಕ್ರಮ ಉತ್ತಮ. ಉದಾಹರಣೆಗೆ, ‘2025-09-08 ತೆನೆಹಬ್ಬ ಕಾರ್ಯಕ್ರಮ’. ಹೀಗೆ ಬರೆದರೆ ಹೆಸರಿನ ಕ್ರಮದಲ್ಲಿ ಜೋಡಿಸಿದಾಗ ತಾರೀಕಿನ ಕ್ರಮವೂ ತಾನಾಗಿ ಬರುತ್ತದೆ. ದಿನವನ್ನು ಮೊದಲು ಬರೆದರೆ ಎಲ್ಲ ವರ್ಷಗಳ ಒಂದನೇ ತಾರೀಕು ಒಟ್ಟಿಗೆ ಬಂದು ನಿಲ್ಲುತ್ತದೆ. ತಾರೀಕಿನ ನಡುವೆ ನಾವು ಹಾಕುವ ಓರೆಗೆರೆಯನ್ನು ವಿಂಡೋಸ್ ಫೈಲಿನ ಹೆಸರಿನಲ್ಲಿ ಒಪ್ಪುವುದಿಲ್ಲ. ಆದ್ದರಿಂದ ಅಡ್ಡಗೆರೆ ಬಳಸಿರಿ. ‘ಫೈನಲ್’, ‘ಹೊಸತು’ ಎಂಬ ಪದಗಳು ಬೇಡ. ನಾಳೆ ಅವು ಹಳತಾಗುತ್ತವೆ.

ಹೆಸರುಗಳನ್ನು ಕನ್ನಡದಲ್ಲೇ ಬರೆಯಬಹುದು, ಯುನಿಕೋಡ್‌ನಲ್ಲಿ ಬರೆದರೆ ಹುಡುಕಿದಾಗ ಸಿಗುತ್ತವೆ. ಆದರೆ ನುಡಿ, ಬರಹ ಮುಂತಾದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕನ್ನಡ ಮತ್ತು ಕೊಂಕಣಿ ಫೈಲುಗಳು ನಮ್ಮಲ್ಲಿ ಬಹಳ ಇವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅವು ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತವೆ. ‘ಓದಲಾಗುತ್ತಿಲ್ಲ, ಕೆಟ್ಟುಹೋಗಿದೆ’ ಎಂದು ಅಳಿಸಿಬಿಡಬೇಡಿರಿ. ಚರ್ಚಿನ ಶತಮಾನೋತ್ಸವದ ಸಂಚಿಕೆಯ ಲೇಖನವೇ ಅದಾಗಿರಬಹುದು. ಅವನ್ನು ಪ್ರತ್ಯೇಕ ಫೋಲ್ಡರಿನಲ್ಲಿ, ಬಳಸಿದ ಫಾಂಟಿನ ಫೈಲಿನ ಸಮೇತ ಇಟ್ಟು, ಬಿಡುವಾದಾಗ ಯುನಿಕೋಡ್‌ಗೆ ಪರಿವರ್ತಿಸಿರಿ.

ಇನ್ನು ನಮೂನೆಗಳು. ಖಾಲಿ ಪ್ರಮಾಣಪತ್ರ, ಚರ್ಚಿನ ಪತ್ರದ ತಲೆಬರಹ ಮುಂತಾದವನ್ನು ವರ್ಡಿನಲ್ಲಿ ‘ಟೆಂಪ್ಲೇಟ್’ ಎಂದು ಉಳಿಸುವ ಅವಕಾಶವಿದೆ. ಅದರ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದರೆ ಮೂಲ ತೆರೆಯುವುದಿಲ್ಲ, ಹೆಸರಿಲ್ಲದ ಹೊಸ ಪ್ರತಿ ತೆರೆಯುತ್ತದೆ. ಹಿಂದಿನವರ ಹೆಸರು ಮುಂದಿನವರ ಪತ್ರದಲ್ಲಿ ಉಳಿಯುವ ತೊಂದರೆ ಇದರಿಂದ ತಪ್ಪುತ್ತದೆ.

ಖಾಲಿಯಾದ ಪರದೆಯನ್ನು ಹೊಂದಿಸುವುದು

ಈಗ ಡೆಸ್ಕ್‌ಟಾಪಿನಲ್ಲಿ ಏನಿರಬೇಕು? ನಮ್ಮ ಅಭಿಪ್ರಾಯದಲ್ಲಿ ಮೂರೇ: ರೀಸೈಕಲ್ ಬಿನ್, ‘ಚರ್ಚ್ ಕಚೇರಿ’ ಕಪಾಟಿನ ಶಾರ್ಟ್‌ಕಟ್ ಮತ್ತು ‘ಇಂದಿನ ಕೆಲಸ’ ಎಂಬ ಒಂದು ಫೋಲ್ಡರ್. ಶಾರ್ಟ್‌ಕಟ್ ಮಾಡಲು ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಸೆಂಡ್ ಟು’ ಮೂಲಕ ಡೆಸ್ಕ್‌ಟಾಪನ್ನು ಆರಿಸಬೇಕು. ವಿಂಡೋಸ್ 11ರಲ್ಲಿ ಮೊದಲು ‘ಶೋ ಮೋರ್ ಆಪ್ಶನ್ಸ್’ ಒತ್ತಿದರೆ ಇದು ಸಿಗುತ್ತದೆ. ದಿನವೂ ಬಳಸುವ ಪ್ರೋಗ್ರಾಮುಗಳನ್ನು ಕೆಳಗಿನ ಟಾಸ್ಕ್‌ಬಾರಿಗೆ ‘ಪಿನ್’ ಮಾಡಿರಿ. ಅವು ಮೇಜಿನ ಮೇಲೆ ಜಾಗ ಹಿಡಿಯುವುದಿಲ್ಲ.

ಖಾಲಿ ಜಾಗದಲ್ಲಿ ಬಲಗುಂಡಿ ಒತ್ತಿ ‘ವ್ಯೂ’ಗೆ ಹೋದರೆ ಚಿತ್ರಗಳ ಗಾತ್ರ ಬದಲಿಸಬಹುದು. ಕಂಟ್ರೋಲ್ ಕೀಲಿ ಹಿಡಿದು ಮೌಸಿನ ಚಕ್ರ ತಿರುಗಿಸಿದರೂ ಆಗುತ್ತದೆ. ‘ಆಟೋ ಅರೇಂಜ್’ ಚಾಲೂ ಇದ್ದರೆ ಚಿತ್ರಗಳನ್ನು ನಮಗೆ ಬೇಕಾದಲ್ಲಿ ಇಡಲಾಗದು. ಅದನ್ನು ತೆಗೆದು ‘ಅಲೈನ್ ಐಕಾನ್ಸ್ ಟು ಗ್ರಿಡ್’ ಮಾತ್ರ ಉಳಿಸಿದರೆ ಸಾಲು ನೇರವಾಗಿರುತ್ತದೆ. ಕಣ್ಣು ಮಂಜಾದ ಹಿರಿಯರು ಬಳಸುವ ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ದೊಡ್ಡದು ಮಾಡಿಕೊಡುವುದು ಒಂದು ಸಣ್ಣ ಸೇವೆ. ವಿಂಡೋಸ್ 11ರ ‘ಸೆಟ್ಟಿಂಗ್ಸ್’ನಲ್ಲಿ ‘ಆಕ್ಸೆಸಿಬಿಲಿಟಿ’, ಅದರಲ್ಲಿ ‘ಟೆಕ್ಸ್ಟ್ ಸೈಜ್’ ಎಂದಿದೆ.

ಹಿನ್ನೆಲೆ ಚಿತ್ರದ ಬಗ್ಗೆ ಒಂದು ಮಾತು. ವಿಂಡೋಸ್ ಎಕ್ಸ್‌ಪಿಯೊಡನೆ ಬರುತ್ತಿದ್ದ ಹಸಿರು ಗುಡ್ಡ, ನೀಲಿ ಆಕಾಶದ ಚಿತ್ರ ನಮ್ಮಲ್ಲಿ ಹಲವರಿಗೆ ನೆನಪಿದೆ. ಚಾರ್ಲ್ಸ್ ಓ’ರಿಯರ್ ಎಂಬ ಛಾಯಾಗ್ರಾಹಕರು 1996ರಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾ ಪ್ರದೇಶದಲ್ಲಿ ತೆಗೆದ ನಿಜವಾದ ಫೋಟೋ ಅದು. ದ್ರಾಕ್ಷಿ ಬೆಳೆಯುವ ಆ ಊರಿನ ಆ ಗುಡ್ಡದಲ್ಲಿ ಆಗ ಬಳ್ಳಿಗಳಿರದೆ ಬರೀ ಹುಲ್ಲಿತ್ತು. ಹಿನ್ನೆಲೆ ಹೀಗೆ ಸರಳವಾಗಿದ್ದರೆ ಅದರ ಮೇಲಿನ ಚಿತ್ರಗಳೂ ಅಕ್ಷರಗಳೂ ಸ್ಪಷ್ಟವಾಗಿ ಕಾಣುತ್ತವೆ. ನಮ್ಮ ಕಚೇರಿಗಳಲ್ಲಿ ಚರ್ಚಿನ ಪಾಲಕ ಸಂತರ ಚಿತ್ರ ಹಾಕುವುದು ಒಳ್ಳೆಯ ಅಭ್ಯಾಸವೇ. ಆದರೆ ಸಂತರ ಮುಖದ ಮೇಲೆ ‘ಕರೆಂಟ್ ಬಿಲ್’ ಎಂಬ ಫೈಲು ಕುಳಿತಿರುವುದು ಗೌರವವಲ್ಲ! ಮುಖವು ಬಲಬದಿಗೆ ಬರುವಂಥ ಚಿತ್ರ ಆರಿಸಿ, ಫೋಲ್ಡರುಗಳನ್ನು ಎಡಬದಿಯಲ್ಲಿ ಇಟ್ಟರೆ ಎರಡೂ ಚೆನ್ನಾಗಿರುತ್ತವೆ.

ಬೀಗ, ಪ್ರೊಜೆಕ್ಟರ್ ಮತ್ತು ಮೋಡದ ಪ್ರತಿ

ಒಂದೇ ಕಂಪ್ಯೂಟರನ್ನು ಧರ್ಮಗುರುಗಳು, ಸಿಬ್ಬಂದಿ, ಯುವಸಂಚಲನದ ಸದಸ್ಯರು ಬಳಸುವುದಾದರೆ ಪ್ರತಿಯೊಬ್ಬರಿಗೂ ಬೇರೆ ಯೂಸರ್ ಖಾತೆ ಮಾಡಿಕೊಡಿರಿ. ಆಗ ಪ್ರತಿಯೊಬ್ಬರ ಡೆಸ್ಕ್‌ಟಾಪ್ ಬೇರೆಯಾಗುತ್ತದೆ. ಆದರೆ ‘ಡಿ’ ಡ್ರೈವಿನ ಕಪಾಟು ಎಲ್ಲ ಖಾತೆಗಳಿಗೂ ತೆರೆದಿರಬಹುದು; ಗೋಪ್ಯವಾದ ಖಾನೆಗಳಿಗೆ ಯಾರು ಪ್ರವೇಶಿಸಬಹುದು ಎಂಬುದನ್ನು ತಿಳಿದವರಿಂದ ಹೊಂದಿಸಿಕೊಳ್ಳಿರಿ. ಕುರ್ಚಿಯಿಂದ ಎದ್ದಾಗ ವಿಂಡೋಸ್ ಕೀಲಿ ಮತ್ತು ‘ಎಲ್’ ಒತ್ತಿದರೆ ಪರದೆಗೆ ಬೀಗ ಬೀಳುತ್ತದೆ. ಬ್ಯಾಂಕಿನ ಪಾಸ್‌ವರ್ಡನ್ನು ಬರೆದ ಫೈಲು ಡೆಸ್ಕ್‌ಟಾಪಿನಲ್ಲಿದ್ದರೆ ಇಂದೇ ತೆಗೆಯಿರಿ.

ಪ್ರೊಜೆಕ್ಟರ್ ಜೋಡಿಸಿದಾಗ ವಿಂಡೋಸ್ ಕೀಲಿ ಮತ್ತು ‘ಪಿ’ ಒತ್ತಿ ‘ಎಕ್ಸ್‌ಟೆಂಡ್’ ಆರಿಸಿರಿ. ‘ಡೂಪ್ಲಿಕೇಟ್’ ಆರಿಸಿದರೆ ನಮ್ಮ ಪರದೆಯೇ ತೆರೆಯ ಮೇಲೂ ಕಾಣುತ್ತದೆ. ‘ವ್ಯೂ’ನಲ್ಲಿ ‘ಶೋ ಡೆಸ್ಕ್‌ಟಾಪ್ ಐಕಾನ್ಸ್’ ತೆಗೆದರೆ ಚಿತ್ರಗಳು ಅಳಿಯದೆ ಮರೆಯಾಗುತ್ತವೆ. ವಾಟ್ಸಾಪ್ ಸಂದೇಶಗಳು ಬಲಿಪೂಜೆಯ ನಡುವೆ ಇಣುಕದಂತೆ ‘ಡು ನಾಟ್ ಡಿಸ್ಟರ್ಬ್’ ಚಾಲೂ ಮಾಡಿರಿ. ಸಾಧ್ಯವಾದರೆ ಹಾಡಿನ ತಂಡಕ್ಕೆ ಬೇರೆಯೇ ಖಾತೆ ಇರಲಿ. ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಹೊಸ ಕಂಪ್ಯೂಟರುಗಳಲ್ಲಿ ‘ಒನ್‌ಡ್ರೈವ್’ ಎಂಬ ವ್ಯವಸ್ಥೆ ಡೆಸ್ಕ್‌ಟಾಪನ್ನು ಇಂಟರ್ನೆಟ್ಟಿನಲ್ಲಿ ಪ್ರತಿ ಮಾಡಿಡಲು ಮುಂದಾಗುತ್ತದೆ. ಉಚಿತವಾಗಿ ಸಿಗುವ ಜಾಗ 5 ಜಿಬಿ; ಒಂದು ಹಬ್ಬದ ವಿಡಿಯೋಗಳೇ ಅದನ್ನು ತುಂಬಬಹುದು. ಅಲ್ಲದೆ ಇದು ಎರಡೂ ಕಡೆ ಸಮಾನವಾಗಿಡುವ ವ್ಯವಸ್ಥೆ: ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಚರ್ಚಿನ ದಾಖಲೆಗಳು ಯಾರ ಸ್ವಂತ ಖಾತೆಗೆ ಹೋಗುತ್ತಿವೆ ಎಂಬುದನ್ನು ಖಂಡಿತವಾಗಿ ನೋಡಿಕೊಳ್ಳಿರಿ. ಆ ಸಿಬ್ಬಂದಿ ಕೆಲಸ ಬಿಟ್ಟರೆ ದಾಖಲೆಗಳೂ ಅವರೊಡನೆ ಹೋದಂತೆ.

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ - ಇದು ದಾಖಲೆ ಕಾಯುವವರೆಲ್ಲ ಒಪ್ಪಿದ ನಿಯಮ. ‘ಸಿ’ ಮತ್ತು ‘ಡಿ’ ಹಲವೊಮ್ಮೆ ಒಂದೇ ಡಿಸ್ಕಿನ ಎರಡು ಭಾಗಗಳು. ಡಿಸ್ಕ್ ಕೆಟ್ಟರೆ ಎರಡೂ ಹೋಗುತ್ತವೆ. ಆದ್ದರಿಂದ ಹೊರಗಿನ ಡಿಸ್ಕ್ ಬೇಕು, ಮತ್ತು ಪ್ರತಿ ಮಾಡಿದ ಕೂಡಲೇ ಅದನ್ನು ಕಳಚಿ ಬೀಗದೊಳಗೆ ಇಡಬೇಕು. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ ‘ವಾನಾಕ್ರೈ’ಯಂಥ ದಾಳಿಗಳು, ಜೋಡಿಸಿಟ್ಟ ಡಿಸ್ಕಿನ ಫೈಲುಗಳನ್ನೂ ತೆರೆಯದಂತೆ ಮಾಡಿಬಿಡುತ್ತವೆ. ನಮ್ಮ ಕರಾವಳಿಯ ಸಿಡಿಲು ಮತ್ತು ಮಳೆಗಾಲದ ತೇವಾಂಶವೂ ಕಡಿಮೆ ಶತ್ರುಗಳಲ್ಲ. ವಿಂಡೋಸ್ 10ಕ್ಕೆ ಕಂಪೆನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದನ್ನೇ ಬಳಸುತ್ತಿರುವ ಕಚೇರಿಗಳು ಹೊಸ ಆವೃತ್ತಿಗೆ ಹೋಗುವ ಮುನ್ನವೇ ಈ ಗುಡಿಸುವ ಕೆಲಸ ಮುಗಿಸಿದರೆ ಸಾಗಾಟ ಹಗುರ.

ಮತ್ತೆ ತುಂಬದಿರಲು

ಒಮ್ಮೆ ಗುಡಿಸಿದರೆ ಸಾಲದು. ಪೂಜಾಪಾತ್ರೆಗಳನ್ನು ಬಲಿಪೂಜೆಯ ನಂತರ ಸ್ವಸ್ಥಾನಕ್ಕೆ ಸೇರಿಸುವಂತೆ, ಶನಿವಾರ ಕಚೇರಿ ಮುಚ್ಚುವ ಮುನ್ನ ಹತ್ತು ನಿಮಿಷ ‘ಇಂದಿನ ಕೆಲಸ’ ಫೋಲ್ಡರನ್ನು ಖಾಲಿ ಮಾಡಿರಿ: ಮುಗಿದದ್ದು ಕಪಾಟಿಗೆ, ಬೇಡವಾದದ್ದು ಬುಟ್ಟಿಗೆ, ಉಳಿದದ್ದು ಸೋಮವಾರಕ್ಕೆ. ‘ಡೌನ್‌ಲೋಡ್ಸ್’ ಫೋಲ್ಡರನ್ನೂ ಅದೇ ಸಮಯದಲ್ಲಿ ನೋಡಿರಿ; ವಾಟ್ಸಾಪಿನಿಂದ ಬಂದ ಜನರ ದಾಖಲೆಗಳು ಕೂಡುವುದು ಅಲ್ಲೇ.

ಇನ್ನೊಂದು ಕ್ರಮ ಬಹಳ ಮುಖ್ಯ. ಧರ್ಮಕೇಂದ್ರಗಳ ದಾಖಲೆಗಳ ಪಟ್ಟಿಯನ್ನು ಎರಡು ಪ್ರತಿಗಳಲ್ಲಿ ಮಾಡಿ, ಒಂದನ್ನು ಅಲ್ಲಿಯೇ, ಇನ್ನೊಂದನ್ನು ಧರ್ಮಪ್ರಾಂತ್ಯದ ದಾಖಲೆ ಸಂಗ್ರಹದಲ್ಲಿ ಇರಿಸಬೇಕೆಂದು ಕ್ಯಾನನ್ ಕಾನೂನಿನ 491ನೇ ವಿಧಿ ಹೇಳುತ್ತದೆ. ಈ ಜಾಣತನವನ್ನು ಕಂಪ್ಯೂಟರಿಗೂ ಅನ್ವಯಿಸೋಣ. ಯಾವ ಖಾನೆಯಲ್ಲಿ ಏನಿದೆ, ಹೊರಗಿನ ಡಿಸ್ಕ್ ಎಲ್ಲಿದೆ, ಯಾವ ಖಾತೆ ಯಾರದು ಎಂಬುದನ್ನು ಒಂದೇ ಹಾಳೆಯಲ್ಲಿ ಬರೆದು ಎರಡು ಪ್ರತಿ ಮಾಡಿರಿ. ಒಂದು ಕಚೇರಿಯ ಕಪಾಟಿನಲ್ಲಿ, ಇನ್ನೊಂದು ಧರ್ಮಗುರುಗಳ ಬಳಿ. ಪಾಸ್‌ವರ್ಡುಗಳು ಆ ಹಾಳೆಯಲ್ಲಿ ಬೇಡ. ಮುಚ್ಚಿದ ಲಕೋಟೆಯಲ್ಲಿ ಬೇರೆಯಾಗಿ ಇರಲಿ. ಧರ್ಮಗುರುಗಳಿಗೆ ವರ್ಗಾವಣೆಯಾಗುತ್ತದೆ, ಪಾಲನಾ ಮಂಡಳಿಯ ಅವಧಿ ಮುಗಿಯುತ್ತದೆ, ಸಿಬ್ಬಂದಿ ಬದಲಾಗುತ್ತಾರೆ. ಹೊಸದಾಗಿ ಬಂದವರು ಯಾರನ್ನೂ ಫೋನಿನಲ್ಲಿ ಕೇಳದೆ ಕೆಲಸ ಆರಂಭಿಸುವಂತಿದ್ದರೆ ನಮ್ಮ ಕಪಾಟು ಸರಿಯಾಗಿದೆ ಎಂದರ್ಥ.

ಕೊಲ್ಲಿ ರಾಷ್ಟ್ರದಲ್ಲಿ ದುಡಿಯುವ ಯುವಕನೊಬ್ಬ ರಜೆಯ ಹದಿನೈದು ದಿನಗಳಲ್ಲಿ ಮದುವೆಯ ಕಾಗದಪತ್ರಗಳಿಗಾಗಿ ಓಡಾಡುತ್ತಾನೆ. ವಿಧವೆಯೊಬ್ಬರು ಪಿಂಚಣಿಗಾಗಿ ಗಂಡನ ಮರಣದ ದಾಖಲೆ ಕೇಳುತ್ತಾರೆ. ತನ್ನ ಕಷ್ಟವನ್ನು ಧರ್ಮಗುರುಗಳಲ್ಲಿ ಬಿಟ್ಟು ಬೇರೆ ಯಾರಲ್ಲೂ ಹೇಳದ ಕುಟುಂಬವೊಂದು ಒಂದು ಅರ್ಜಿ ಬರೆದು ಕೊಟ್ಟಿರುತ್ತದೆ. ಇವರಲ್ಲಿ ಮೊದಲಿನ ಇಬ್ಬರಿಗೆ ಬೇಕಾದದ್ದು ಬೇಗ ಸಿಗಬೇಕು. ಮೂರನೆಯವರದ್ದು ಯಾರಿಗೂ ಕಾಣಬಾರದು. ಒಪ್ಪವಾದ ಡೆಸ್ಕ್‌ಟಾಪಿನಿಂದ ನಾವು ಬಯಸುವುದು ಈ ಎರಡನ್ನೇ. ಬರುವ ಶನಿವಾರ ಒಂದು ಮಧ್ಯಾಹ್ನವನ್ನು ಇದಕ್ಕಾಗಿ ಮೀಸಲಿಡಿರಿ ಎಂದು ಎಲ್ಲ ಚರ್ಚ್ ಕಚೇರಿಗಳಲ್ಲಿ ನಮ್ಮ ವಿನಂತಿ.